ಎರಡು ನಗರಗಳ ನಡುವೆ ವಿಮಾನ ಎಷ್ಟು ದೂರ ಹಾರುತ್ತದೆ? ಲೆಕ್ಕದ ದೂರಕ್ಕೂ ಟಿಕೆಟ್‌ನ ಸಮಯಕ್ಕೂ ತಾಳೆಯಾಗದಿರುವುದೇಕೆ

2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬದಲು ಪೆಸಿಫಿಕ್ ಕಡೆಯಿಂದ ಹಾರಿಸಿತು. ಅಟ್ಲಾಂಟಿಕ್ ದಾರಿ ಸುಮಾರು 13,900 ಕಿ.ಮೀ., ಪೆಸಿಫಿಕ್ ದಾರಿ ಸುಮಾರು 15,300 ಕಿ.ಮೀ. ಸಾವಿರದ ನಾನೂರು ಕಿ.ಮೀ. ಹೆಚ್ಚು ಹಾರಿದರೂ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲಿ, ಹಳೆಯ ದಾರಿಗಿಂತ ಹೆಚ್ಚುಕಮ್ಮಿ ಎರಡು ಗಂಟೆ ಬೇಗ ಇಳಿಯಿತು. ಈ ಎರಡು ನಗರಗಳ ನಡುವಿನ ದೂರ ಎಷ್ಟೆಂದು ಅಂತರ್ಜಾಲದ ಯಾವುದೇ ಕ್ಯಾಲ್ಕ್ಯುಲೇಟರ್‌ಗೆ ಕೇಳಿ ನೋಡಿ: ಸುಮಾರು 12,400 ಕಿ.ಮೀ. ಎನ್ನುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅಷ್ಟೇ ದೂರ ಹಾರಿ ತಲುಪಿದ ವಿಮಾನ ಮಾತ್ರ ಸಿಗುವುದಿಲ್ಲ.

ಭೂಮಿಯ ಮೇಲೆ ಎರಡು ಊರುಗಳ ದೂರ ಬದಲಾಗುವುದಿಲ್ಲ, ವಿಮಾನ ಹಾರುವ ದೂರ ದಿನದಿನವೂ ಬದಲಾಗುತ್ತದೆ. ಮೊದಲು ಈ ವ್ಯತ್ಯಾಸಕ್ಕೆ ಗಾಳಿಯೇ ಮುಖ್ಯ ಕಾರಣವಾಗಿತ್ತು. 2022ರಿಂದೀಚೆಗೆ ಯಾವ ದೇಶ ಯಾರಿಗೆ ತನ್ನ ಆಕಾಶ ಮುಚ್ಚಿದೆ ಎಂಬುದು ಗಾಳಿಯಷ್ಟೇ ದೊಡ್ಡ ಕಾರಣವಾಗಿ ಕೂತಿದೆ. ಕ್ಯಾಲ್ಕ್ಯುಲೇಟರ್‌ಗಳಿಗೆ ಇವೆರಡರಲ್ಲಿ ಯಾವುದರ ಅರಿವೂ ಇರುವುದಿಲ್ಲ.

ಲೆಕ್ಕದ ದೂರ ಬರುವ ಬಗೆ

ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರ ಮಹಾವೃತ್ತದ, ಅಂದರೆ ಗೋಳವನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತದ, ಕಂಸದ ಉದ್ದ. ಗೋಡೆಗೆ ನೇತುಹಾಕುವ ಮರ್ಕೇಟರ್ ನಕ್ಷೆಯಲ್ಲಿ ಈ ಕಂಸ ಧ್ರುವದ ಕಡೆಗೆ ಬಾಗಿದಂತೆ ಕಾಣುವುದರಿಂದ ವಿಮಾನ ಸುತ್ತು ಹಾಕುತ್ತಿದೆ ಎಂದು ಹಲವರು ಅಂದುಕೊಳ್ಳುತ್ತಾರೆ. ನಿಜಕ್ಕೂ ಸುತ್ತುದಾರಿ ಎಂದರೆ ಆ ನಕ್ಷೆಯ ನೇರ ಗೆರೆಯೇ.

ಲೆಕ್ಕ ಮಾಡಲು ಬೇಕಿರುವುದು ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಅವುಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ. ಎರಡೂ ಫಲಗಳನ್ನು ಕೂಡಿ, ಬಂದ ಸಂಖ್ಯೆಯ ವಿಲೋಮ ಕೊಸೈನ್ ತೆಗೆದರೆ ಕೋನ ಡಿಗ್ರಿಯಲ್ಲಿ ಸಿಗುತ್ತದೆ. ಒಂದು ಡಿಗ್ರಿಗೆ 111.19 ಕಿ.ಮೀ. ಲಂಡನ್ ಹೀಥ್ರೊ 51.47 ಉತ್ತರ, 0.46 ಪಶ್ಚಿಮ, ನ್ಯೂಯಾರ್ಕ್‌ನ ಜಾನ್ ಎಫ್. ಕೆನಡಿ ನಿಲ್ದಾಣ 40.64 ಉತ್ತರ, 73.78 ಪಶ್ಚಿಮ. ಸೈನ್‌ಗಳ ಗುಣಲಬ್ಧ 0.5095, ಕೊಸೈನ್‌ಗಳ ಕಡೆಯದು 0.1357, ಮೊತ್ತ 0.6452. ಕೋನ 49.82 ಡಿಗ್ರಿ, ದೂರ 5,540 ಕಿ.ಮೀ.

ಭೂಮಿ ಪೂರ್ತಿ ಗೋಳವಲ್ಲ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಈ ಚಪ್ಪಟೆತನವನ್ನೂ ಲೆಕ್ಕಕ್ಕೆ ಹಿಡಿದರೆ ಲಂಡನ್–ನ್ಯೂಯಾರ್ಕ್ 5,554 ಕಿ.ಮೀ. ಆಗುತ್ತದೆ. ಎರಡು ಜಾಲತಾಣಗಳು ಒಂದೇ ಜೋಡಿಗೆ ಹತ್ತಿಪ್ಪತ್ತು ಕಿ.ಮೀ. ಬೇರೆ ಬೇರೆ ಹೇಳುವುದಕ್ಕೆ ಇದು ಒಂದು ಕಾರಣ. ಒಂದು ತಾಣ ನಗರದ ನಡುಮಧ್ಯದಿಂದ, ಇನ್ನೊಂದು ವಿಮಾನ ನಿಲ್ದಾಣದಿಂದ ಅಳೆಯುವುದು ಇನ್ನೊಂದು ಕಾರಣ. ಟೋಕಿಯೊದ ನರಿಟಾ ನಿಲ್ದಾಣವೇ ನಗರದ ನಡುವಿನಿಂದ ಅರುವತ್ತು ಕಿ.ಮೀ. ಆಚೆಗಿದೆ.

ಇವು ಚಿಲ್ಲರೆ ವ್ಯತ್ಯಾಸ. ಲೆಕ್ಕ ಪೂರ್ತಿ ಕೆಡುವುದು ಚಿಹ್ನೆ ತಪ್ಪಿದಾಗ. ದೆಹಲಿ 77.1 ಪೂರ್ವ, ನ್ಯೂಯಾರ್ಕ್ 73.8 ಪಶ್ಚಿಮ, ವ್ಯತ್ಯಾಸ 150.9 ಡಿಗ್ರಿ, ದೂರ ಸುಮಾರು 11,760 ಕಿ.ಮೀ. ಪಶ್ಚಿಮ ರೇಖಾಂಶಕ್ಕೆ ಋಣ ಚಿಹ್ನೆ ಹಾಕುವುದನ್ನು ಮರೆತರೆ ವ್ಯತ್ಯಾಸ 3.3 ಡಿಗ್ರಿಗೆ ಇಳಿದು, ಉತ್ತರ ಸುಮಾರು 1,370 ಕಿ.ಮೀ. ಎಂದು ಬರುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಇದನ್ನು ಮಾಡುವವರು ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಲು ಮರೆಯುವುದೂ ಅಷ್ಟೇ ಸಾಮಾನ್ಯ. ಆಗ ಬರುವ ಸಂಖ್ಯೆ ಕೆಲವೊಮ್ಮೆ ನಂಬುವಂತೆಯೇ ಇರುತ್ತದೆ, ಅದೇ ಅಪಾಯ. ಇನ್ನು, ಒಂದೇ ಹೆಸರಿನ ಊರುಗಳಿವೆ: ಸಿಡ್ನಿ ಆಸ್ಟ್ರೇಲಿಯಾದಲ್ಲೂ ಇದೆ, ಕೆನಡಾದ ನೋವಾ ಸ್ಕೋಷಿಯಾದಲ್ಲೂ ಇದೆ; ಸ್ಯಾನ್ ಹೊಸೆ ಕ್ಯಾಲಿಫೋರ್ನಿಯಾದಲ್ಲೂ ಕೋಸ್ಟರಿಕಾದಲ್ಲೂ ಇದೆ. ದೂರ ಹುಡುಕುವಾಗ ಊರಿನ ಹೆಸರಿಗಿಂತ ನಿಲ್ದಾಣದ ಮೂರಕ್ಷರದ ಕೋಡ್ ಕೊಡುವುದು ಒಳ್ಳೆಯದು.

ನೇರ ಗೆರೆ ತಪ್ಪುವುದು ಎಲ್ಲೆಲ್ಲಿ

ಏನೂ ತೊಂದರೆಯಿಲ್ಲದ ದಿನವೂ ವಿಮಾನ ಮಹಾವೃತ್ತಕ್ಕಿಂತ ಒಂದಿಷ್ಟು ಹೆಚ್ಚೇ ಹಾರುತ್ತದೆ. ಟೇಕಾಫ್ ಆಗುವುದು ಗಾಳಿಗೆ ಎದುರಾಗಿ. ಹೋಗಬೇಕಾದ ದಿಕ್ಕು ಹಿಂಬದಿಗಿದ್ದರೆ ಮೊದಲ ಹತ್ತಿಪ್ಪತ್ತು ಕಿ.ಮೀ. ತಿರುಗುವುದರಲ್ಲೇ ಹೋಗುತ್ತದೆ. ಇಳಿಯುವಾಗಲೂ ಹೀಗೇ: ನಿಗದಿಯಾದ ಬಿಂದುಗಳ ಮೂಲಕ ಸುತ್ತಿ ಬಂದು, ರನ್‌ವೇಯ ನೇರಕ್ಕೆ ಬರಬೇಕು. ಈ ಸುತ್ತು 500 ಕಿ.ಮೀ. ಪಯಣಕ್ಕೆ ಹತ್ತು ಶೇಕಡಾದಷ್ಟು ಸೇರಿಸಬಹುದು, 5,000 ಕಿ.ಮೀ. ಪಯಣದಲ್ಲಿ ಕಣ್ಣಿಗೇ ಬೀಳದು.

ಎರಡು ಎಂಜಿನ್‌ನ ವಿಮಾನಗಳಿಗೆ ಇನ್ನೊಂದು ಕಟ್ಟುಪಾಡು ಇದೆ. ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದರಿಂದಲೇ ನಿಗದಿತ ನಿಮಿಷಗಳೊಳಗೆ ಒಂದು ನಿಲ್ದಾಣ ಮುಟ್ಟುವಷ್ಟು ಹತ್ತಿರದಲ್ಲೇ ದಾರಿ ಇರಬೇಕು. ವಿಶೇಷ ಅನುಮತಿ ಇಲ್ಲದಿದ್ದರೆ ಆ ಮಿತಿ 60 ನಿಮಿಷ. ಬೋಯಿಂಗ್ 787ಕ್ಕೆ 330, ಏರ್‌ಬಸ್ ಎ350ಕ್ಕೆ 370 ನಿಮಿಷದವರೆಗೆ ಅನುಮತಿ ಸಿಕ್ಕಿದೆ. ಹೀಗಾಗಿ ಸಾಗರದ ಮೇಲಿನ ದಾರಿಗಳು ಈಗ ಹೆಚ್ಚುಕಡಿಮೆ ನೇರವಾಗಿವೆ. ಟಿಬೆಟ್ ಪ್ರಸ್ಥಭೂಮಿ ಮಾತ್ರ ಇಂದಿಗೂ ಸುತ್ತಿಕೊಂಡು ಹೋಗುವ ಜಾಗ. ಕ್ಯಾಬಿನ್ ಒತ್ತಡ ಬಿದ್ದುಹೋದರೆ ವಿಮಾನ ಕೂಡಲೇ ಹತ್ತು ಸಾವಿರ ಅಡಿಗೆ, ಅಂದರೆ ಮೂರು ಕಿ.ಮೀ. ಎತ್ತರಕ್ಕೆ ಇಳಿಯಬೇಕು, ಪ್ರಯಾಣಿಕರ ಆಮ್ಲಜನಕ ಸಾಲುವುದು ಕಾಲು ಗಂಟೆಯ ಆಸುಪಾಸು. ಟಿಬೆಟ್‌ನಲ್ಲಿ ನೆಲವೇ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ, ಇಳಿಯಲು ಜಾಗವೇ ಇಲ್ಲ. ಹೆಚ್ಚಿನ ಆಮ್ಲಜನಕ ಹೊತ್ತ ವಿಮಾನ, ಮೊದಲೇ ಗುರುತಿಸಿದ ಪಾರಾಗುವ ದಾರಿ, ಎರಡೂ ಇದ್ದರಷ್ಟೇ ಅಲ್ಲಿ ಹಾರಲು ಸಾಧ್ಯ.

ಮುಚ್ಚಿದ ಆಕಾಶ

ಈಗ ಮುಖ್ಯ ವಿಷಯ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಬೆನ್ನಿಗೆ ಯುರೋಪ್ ಒಕ್ಕೂಟ ರಷ್ಯಾದ ವಿಮಾನಗಳಿಗೆ, ರಷ್ಯಾ ಯುರೋಪಿನ ವಿಮಾನಗಳಿಗೆ ತಮ್ಮ ವಾಯುಪ್ರದೇಶ ಮುಚ್ಚಿದವು. ಎಲ್ಲರಿಗಿಂತ ದೊಡ್ಡ ಏಟು ಬಿದ್ದದ್ದು ಫಿನ್ಲೆಂಡ್‌ನ ವಿಮಾನ ಕಂಪನಿ ಫಿನ್ಏರ್‌ಗೆ. ಏಷ್ಯಾಕ್ಕೆ ಅತಿ ಹತ್ತಿರದ ದಾರಿ ಹೆಲ್ಸಿಂಕಿಯಿಂದ ಎಂಬುದೇ ಅದರ ವ್ಯಾಪಾರದ ಬುನಾದಿಯಾಗಿತ್ತು. ಹೆಲ್ಸಿಂಕಿ–ಟೋಕಿಯೊ ಮಹಾವೃತ್ತ ದೂರ ಎಂಟು ಸಾವಿರ ಕಿ.ಮೀ.ಗೂ ಕಡಿಮೆ, ಸೈಬೀರಿಯಾ ಮೇಲಿಂದ ಒಂಬತ್ತೂವರೆ ಗಂಟೆ ಸಾಕಿತ್ತು. ಈಗ ಉತ್ತರ ಧ್ರುವದ ಕಡೆಯಿಂದಲೋ ದಕ್ಷಿಣದ ಮಧ್ಯ ಏಷ್ಯಾ ಕಡೆಯಿಂದಲೋ ಸುತ್ತಿ ಸುಮಾರು ಹದಿಮೂರು ಗಂಟೆ ಹಾರಬೇಕು.

ಆದರೆ ಚೀನಾದ ವಿಮಾನ ಕಂಪನಿಗಳಿಗೆ ರಷ್ಯಾ ಆಕಾಶ ತೆರೆದೇ ಇದೆ. ಹೀಗಾಗಿ ಪ್ಯಾರಿಸ್–ಬೀಜಿಂಗ್ ನಡುವೆ ಒಂದೇ ದಿನ ಹೊರಡುವ ಎರಡು ವಿಮಾನಗಳು, ಬಾಲದ ಮೇಲಿನ ಬಣ್ಣಕ್ಕೆ ತಕ್ಕಂತೆ, ಬೇರೆ ದೂರ ಹಾರಿ ಬೇರೆ ಹೊತ್ತಿಗೆ ತಲುಪುತ್ತವೆ. "ಪ್ಯಾರಿಸ್‌ನಿಂದ ಬೀಜಿಂಗ್‌ಗೆ ಎಷ್ಟು ಗಂಟೆ" ಎಂಬ ಪ್ರಶ್ನೆಗೆ ಈಗ ಒಂದೇ ಉತ್ತರವಿಲ್ಲ. ಯಾರ ವಿಮಾನ ಎಂದು ಮೊದಲು ಕೇಳಬೇಕು.

ಪಾಕಿಸ್ತಾನ 2025ರ ಏಪ್ರಿಲ್ 24ರಂದು ಭಾರತೀಯ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು, ಭಾರತ ಏಪ್ರಿಲ್ 30ರಂದು ಪ್ರತಿಯಾಗಿ ಮುಚ್ಚಿತು. ಆಮೇಲೆ ಎರಡೂ ಕಡೆಯ ಆದೇಶಗಳು ಒಂದೊಂದು ತಿಂಗಳ ಲೆಕ್ಕದಲ್ಲಿ ಮುಂದಕ್ಕೆ ಹೋದವು. 2019ರಲ್ಲೂ ಫೆಬ್ರುವರಿ ಕೊನೆಯಿಂದ ಜುಲೈ 16ರವರೆಗೆ ಪಾಕಿಸ್ತಾನ ಹೀಗೇ ಮಾಡಿತ್ತು. ಆಗ ಇಂಡಿಗೊದ ದೆಹಲಿ–ಇಸ್ತಾಂಬುಲ್ ವಿಮಾನ ಇಂಧನಕ್ಕಾಗಿ ದೋಹಾದಲ್ಲಿ ಇಳಿಯಬೇಕಾಯಿತು.

ದೂರ ಹೇಗೆ ಹಿಗ್ಗುತ್ತದೆ ಎಂಬುದಕ್ಕೆ ದೆಹಲಿ–ತಾಷ್ಕೆಂಟ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಹಾವೃತ್ತ ದೂರ 1,600 ಕಿ.ಮೀ. ಆಸುಪಾಸು, ಸಣ್ಣ ವಿಮಾನಕ್ಕೂ ಸಲೀಸು. ಆದರೆ ನಡುವೆ ಪಾಕಿಸ್ತಾನ, ಬಲಕ್ಕೆ ಹಿಮಾಲಯ ಮತ್ತು ಟಿಬೆಟ್. ಉಳಿದದ್ದು ಅರಬ್ಬಿ ಸಮುದ್ರಕ್ಕಿಳಿದು, ಇರಾನ್ ಹಾಯ್ದು, ತುರ್ಕಮೆನಿಸ್ತಾನದ ಮೂಲಕ ಮೇಲೇರುವ ದಾರಿ. ಇಂಡಿಗೊ ತನ್ನ ಎ320 ವರ್ಗದ ವಿಮಾನಗಳಿಂದ ಅದು ಆಗದೆಂದು 2025ರ ಏಪ್ರಿಲ್ ಕೊನೆಯಲ್ಲೇ ತಾಷ್ಕೆಂಟ್, ಅಲ್ಮಾಟಿ ಎರಡೂ ಸೇವೆ ನಿಲ್ಲಿಸಿತು. ಏರ್ ಇಂಡಿಯಾದ ಕೆಲವು ಉತ್ತರ ಅಮೆರಿಕ ವಿಮಾನಗಳು ವಿಯೆನ್ನಾ ಅಥವಾ ಕೋಪನ್‌ಹೇಗನ್‌ನಲ್ಲಿ ಇಂಧನ ತುಂಬಿಸಿಕೊಂಡು ಮುಂದೆ ಹೋದವು. ದೆಹಲಿ–ವಾಷಿಂಗ್ಟನ್ ಸೇವೆಯನ್ನು 2025ರ ಸೆಪ್ಟೆಂಬರ್ 1ರಿಂದ ನಿಲ್ಲಿಸುವಾಗ ಕಂಪನಿ ಕೊಟ್ಟ ಎರಡು ಕಾರಣಗಳಲ್ಲಿ ಒಂದು 787 ವಿಮಾನಗಳ ನವೀಕರಣದಿಂದಾದ ಕೊರತೆ, ಇನ್ನೊಂದು ಮುಚ್ಚಿದ ಈ ಆಕಾಶ. ಸಾಲದ್ದಕ್ಕೆ 2025ರ ಜೂನ್ 13ರಿಂದ ಇಸ್ರೇಲ್–ಇರಾನ್ ಕಾಳಗದಲ್ಲಿ ಇರಾನ್, ಇರಾಕ್, ಜೋರ್ಡಾನ್ ಆಕಾಶಗಳೂ ಮುಚ್ಚಿದವು. ಜೂನ್ 23ರ ಸಂಜೆ ಕತಾರ್ ಕೂಡ ಕೆಲವು ಗಂಟೆ ಬಾಗಿಲು ಹಾಕಿತು. ಸುತ್ತುದಾರಿಯೂ ಸಿಗದ ದಿನಗಳವು.

ಒಂದು ಗಂಟೆ ಹೆಚ್ಚು ಹಾರುವುದೆಂದರೆ ಒಂದು ಗಂಟೆಯ ಇಂಧನ ಹೆಚ್ಚು ತುಂಬಿದರೆ ಮುಗಿಯಿತು ಎಂದುಕೊಳ್ಳುವಂತಿಲ್ಲ. ಇಂಧನವನ್ನು ಹೊರಲೂ ಇಂಧನ ಬೇಕು. ದೂರಪಯಣದಲ್ಲಿ ಹೆಚ್ಚುವರಿ ತೂಕದ ಸುಮಾರು ಶೇ 3ರಿಂದ 4ರಷ್ಟು ಪ್ರತಿ ಗಂಟೆಗೂ ಉರಿದುಹೋಗುತ್ತದೆ. ಹತ್ತು ಟನ್ ಹೆಚ್ಚಿಗೆ ತುಂಬಿ ಹೊರಟರೆ ಹದಿನಾಲ್ಕು ಗಂಟೆಯ ಕೊನೆಗೆ ಉಳಿಯುವುದು ಆರು ಟನ್ ಆಸುಪಾಸು. ವಿಮಾನದ ಗರಿಷ್ಠ ಟೇಕಾಫ್ ತೂಕಕ್ಕೆ ಮಿತಿ ಇರುವುದರಿಂದ ಅಷ್ಟು ಇಂಧನಕ್ಕೆ ಜಾಗ ಮಾಡಲು ಸರಕನ್ನು ಇಳಿಸಬೇಕು, ಅದೂ ಸಾಲದಿದ್ದರೆ ಸೀಟು ಖಾಲಿ ಬಿಡಬೇಕು. ಬೇಸಿಗೆಯ ಮಧ್ಯಾಹ್ನ ಗಾಳಿ ತೆಳುವಾಗಿ ಟೇಕಾಫ್ ತೂಕದ ಮಿತಿಯೇ ಇನ್ನಷ್ಟು ಕುಗ್ಗುತ್ತದೆ. ಹಾರಾಟದ ಅವಧಿ ನಿಯಮದ ಗಡಿ ದಾಟಿತೆಂದರೆ ಇಬ್ಬರು ಪೈಲಟ್‌ಗಳ ಜಾಗಕ್ಕೆ ಮೂವರು ಅಥವಾ ನಾಲ್ವರು ಬೇಕು. ಅದೇ ವಿಮಾನ ಮರಳುವ ಪಯಣಕ್ಕೆ ತಡವಾಗುತ್ತದೆ, ವಾರಕ್ಕೆ ಏಳು ಸುತ್ತು ಹೊಡೆಯುತ್ತಿದ್ದದ್ದು ಆರಕ್ಕೆ ಇಳಿಯಬಹುದು. ಟಿಕೆಟ್ ದರ ಏರುವುದರ ಹಿಂದೆ ಬರೀ ಇಂಧನದ ಬಿಲ್ಲಲ್ಲ, ಇದೆಲ್ಲ ಸೇರಿದೆ.

ಗಾಳಿ ಕೊಡುವುದು, ಕಸಿಯುವುದು

ಎ320, ಬೋಯಿಂಗ್ 737 ವಿಮಾನಗಳು ಎತ್ತರದಲ್ಲಿ ಮ್ಯಾಕ್ 0.78ರ ಹತ್ತಿರ, 787 ಮತ್ತು ಎ350 ಮ್ಯಾಕ್ 0.85ರ ಹತ್ತಿರ ಸಾಗುತ್ತವೆ. ಮ್ಯಾಕ್ 1 ಎಂದರೆ ಶಬ್ದದ ವೇಗ. ಹನ್ನೊಂದು ಕಿ.ಮೀ. ಮೇಲೆ ಉಷ್ಣತೆ ಮೈನಸ್ 56 ಡಿಗ್ರಿ ಇರುವಾಗ ಶಬ್ದದ ವೇಗ ಗಂಟೆಗೆ 1,062 ಕಿ.ಮೀ. ಹಾಗಾಗಿ ಮೊದಲ ವರ್ಗಕ್ಕೆ ಸುಮಾರು 830, ಎರಡನೆಯದಕ್ಕೆ ಸುಮಾರು 900 ಕಿ.ಮೀ. ವೇಗ. ಇದು ಗಾಳಿಯೊಳಗಿನ ವೇಗ. ನೆಲದ ಮೇಲೆ ಲೆಕ್ಕಕ್ಕೆ ಬರುವುದು ಇದಕ್ಕೆ ಗಾಳಿಯ ವೇಗ ಕೂಡಿದ ಅಥವಾ ಕಳೆದ ಮೇಲೆ.

ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದು ಅಪರೂಪವೇನಲ್ಲ. 2020ರ ಫೆಬ್ರುವರಿಯಲ್ಲಿ ಕಿಯಾರ ಚಂಡಮಾರುತದ ಹೊತ್ತಿಗೆ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂತು. ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ 1,300 ಕಿ.ಮೀ. ಮೀರಿತ್ತು. ಶಬ್ದದ ವೇಗ ಮೀರಿತು ಎಂದು ಕೆಲವರು ಬರೆದರು. ಮೀರಿರಲಿಲ್ಲ, ತನ್ನ ಸುತ್ತಲಿನ ಗಾಳಿಯಲ್ಲಿ ಅದು ಎಂದಿನ ವೇಗದಲ್ಲೇ ಇತ್ತು.

ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಗುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ. 5,550 ಕಿ.ಮೀ. ದಾರಿ, 900 ಕಿ.ಮೀ. ವೇಗ, ಗಾಳಿ ಇಲ್ಲದಿದ್ದರೆ ಹೋಗಿಬರಲು 12 ಗಂಟೆ 20 ನಿಮಿಷ. ನೂರು ಕಿ.ಮೀ. ಗಾಳಿ ಇದ್ದರೆ ಎದುರಿಗೆ 6 ಗಂಟೆ 56 ನಿಮಿಷ, ಬೆನ್ನಿಗೆ 5 ಗಂಟೆ 33 ನಿಮಿಷ, ಒಟ್ಟು 12 ಗಂಟೆ 29 ನಿಮಿಷ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಸಿಕ್ಕಿಹಾಕಿಕೊಂಡಿರುತ್ತೇವೆ, ಹಿಂಗಾಳಿ ಸಿಗುವುದು ಕಡಿಮೆ ಹೊತ್ತು; ಹಾಗಾಗಿ ಒಂಬತ್ತು ನಿಮಿಷ ನಷ್ಟವೇ.

ಉತ್ತರ ಅಟ್ಲಾಂಟಿಕ್‌ನಲ್ಲಿ ಕೆನಡಾದ ಗ್ಯಾಂಡರ್ ಮತ್ತು ಬ್ರಿಟನ್–ಐರ್ಲೆಂಡ್‌ನ ಶ್ಯಾನ್‌ವಿಕ್ ಕೇಂದ್ರಗಳು ಗಾಳಿ ನೋಡಿಕೊಂಡು ಪ್ರತಿದಿನ ಹೊಸ ದಾರಿಗಳನ್ನು ಹಾಕುತ್ತವೆ, ಹಗಲಿಗೆ ಪಶ್ಚಿಮಮುಖ, ರಾತ್ರಿಗೆ ಪೂರ್ವಮುಖ. ನಿನ್ನೆಯ ವಿಮಾನ ಗ್ರೀನ್‌ಲ್ಯಾಂಡ್ ಹತ್ತಿರ ಹಾದಿದ್ದರೆ ಇಂದಿನದು ನೂರಾರು ಕಿ.ಮೀ. ದಕ್ಷಿಣಕ್ಕೆ ಹಾಯಬಹುದು.

ಹಾರಾಟದ ಸಮಯ, ಬ್ಲಾಕ್ ಟೈಮ್

ಟಿಕೆಟ್‌ನಲ್ಲಿ ಬರೆದಿರುವುದು ಬ್ಲಾಕ್ ಟೈಮ್: ಚಕ್ರಕ್ಕೆ ಇಟ್ಟ ಚಾಕ್ ತೆಗೆದು ವಿಮಾನ ಗೇಟಿನಿಂದ ಕದಲಿದ ಕ್ಷಣದಿಂದ ಇನ್ನೊಂದು ಗೇಟಿನಲ್ಲಿ ನಿಲ್ಲುವವರೆಗೆ. ಪೈಲಟ್ ಮೈಕಿನಲ್ಲಿ ಹೇಳುವುದು ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗಿನ ಸಮಯ. ಎರಡಕ್ಕೂ ಅರ್ಧ ಗಂಟೆಯ ವ್ಯತ್ಯಾಸ ಮಾಮೂಲು. ಅದರ ಮೇಲೆ ಕಂಪನಿಗಳು ವೇಳಾಪಟ್ಟಿಯಲ್ಲಿ ಒಂದಿಷ್ಟು ಸಡಿಲ ಇಟ್ಟಿರುತ್ತವೆ. ಅಮೆರಿಕದ ಸರ್ಕಾರಿ ಲೆಕ್ಕದಲ್ಲಿ ನಿಗದಿಗಿಂತ 15 ನಿಮಿಷ ತಡವಾಗುವುದರೊಳಗೆ ಬಂದ ವಿಮಾನ ಸಮಯಕ್ಕೆ ಬಂದಂತೆ. ಆ ಪಟ್ಟಿಯಲ್ಲಿ ಮೇಲಿರಬೇಕಾದರೆ ವೇಗವಾಗಿ ಹಾರುವುದಕ್ಕಿಂತ ವೇಳಾಪಟ್ಟಿ ಹಿಗ್ಗಿಸುವುದು ಅಗ್ಗ. "ನಮ್ಮ ವಿಮಾನ ಇಪ್ಪತ್ತು ನಿಮಿಷ ಮೊದಲೇ ತಲುಪಿದೆ" ಎಂಬ ಘೋಷಣೆ ಕೇಳಿದಾಗ ಇದು ನೆನಪಿರಲಿ.

ಈ ಸಡಿಲ ಪೂರ್ತಿ ಕಳ್ಳಲೆಕ್ಕವೂ ಅಲ್ಲ. ಹೀಥ್ರೊಗೆ ಬರುವ ವಿಮಾನಗಳು ಸರದಿಗಾಗಿ ಬೋವಿಂಗ್‌ಡನ್, ಲ್ಯಾಂಬೋರ್ನ್, ಓಕ್ಹಮ್, ಬಿಗಿನ್ ಎಂಬ ನಾಲ್ಕು ಜಾಗಗಳ ಮೇಲೆ ಸುತ್ತುತ್ತಿರುತ್ತವೆ. ಅರ್ಧ ತಿರುವಿಗೆ ಒಂದು ನಿಮಿಷ, ನೇರಕ್ಕೆ ಒಂದು ನಿಮಿಷ, ಮತ್ತೆ ಅಷ್ಟೇ. ಒಂದು ಸುತ್ತಿಗೆ ನಾಲ್ಕು ನಿಮಿಷ. ಮೂರು ಸುತ್ತಾದರೆ ಹನ್ನೆರಡು ನಿಮಿಷ ಹೋಯಿತು.

ನಾವೇ ಅಂದಾಜು ಮಾಡುವುದಾದರೆ ಒಂದು ಬಗೆ ಹೀಗಿದೆ. ಮಹಾವೃತ್ತ ದೂರಕ್ಕೆ ದೂರಪಯಣವಾದರೆ ಶೇ 4, ಐನೂರು ಕಿ.ಮೀ. ಆಸುಪಾಸಿನದಾದರೆ ಶೇ 10 ಸೇರಿಸಿ. ಗಾಳಿ ಕೂಡಿ ಕಳೆದ ವೇಗದಿಂದ ಭಾಗಿಸಿ. ಏರುವಾಗ ಇಳಿಯುವಾಗ ನಿಧಾನವಾಗುವುದಕ್ಕೆ 15 ನಿಮಿಷ, ನೆಲದ ಮೇಲಿನ ಓಡಾಟಕ್ಕೆ 25 ನಿಮಿಷ ಕೂಡಿಸಿ. ಲಂಡನ್–ನ್ಯೂಯಾರ್ಕ್ 5,550 ಕಿ.ಮೀ. 5,770 ಆಗುತ್ತದೆ; ನೂರು ಕಿ.ಮೀ. ಎದುರುಗಾಳಿಯಲ್ಲಿ 800ರ ವೇಗಕ್ಕೆ 7 ಗಂಟೆ 13 ನಿಮಿಷ. 40 ನಿಮಿಷ ಸೇರಿಸಿದರೆ 7 ಗಂಟೆ 53 ನಿಮಿಷ. ವೇಳಾಪಟ್ಟಿಯಲ್ಲಿ ಸುಮಾರು ಎಂಟು ಗಂಟೆ ಇರುತ್ತದೆ. ಮರಳುವಾಗ ಇದೇ ಲೆಕ್ಕಕ್ಕೆ 6 ಗಂಟೆ 26 ನಿಮಿಷ ಬರುತ್ತದೆ, ವೇಳಾಪಟ್ಟಿ ಏಳರ ಹತ್ತಿರ ತೋರಿಸುತ್ತದೆ. ಆ ಅರ್ಧ ಗಂಟೆಯಲ್ಲಿ ಹೀಥ್ರೊದ ಸುತ್ತುಗಳಿವೆ, ಕಂಪನಿಯ ಸಡಿಲವೂ ಇದೆ.

ಸಣ್ಣ ದೂರಕ್ಕೆ ಇದೇ ಲೆಕ್ಕ ಬೇರೆಯೇ ಸಂಗತಿ ಹೇಳುತ್ತದೆ. 500 ಕಿ.ಮೀ. ದಾರಿ 550 ಆಗಿ, ಎ320ಯಲ್ಲಿ 40 ನಿಮಿಷ, ಅದಕ್ಕೆ 40 ನಿಮಿಷ ಕೂಡಿ 1 ಗಂಟೆ 20 ನಿಮಿಷ. ಅರ್ಧ ಹೊತ್ತು ದೂರಕ್ಕೆ ಸಂಬಂಧವೇ ಇಲ್ಲದ ಕೆಲಸಕ್ಕೆ ಹೋಯಿತು. ಗಂಟೆಗೆ 500 ಕಿ.ಮೀ. ಹಾರುವ ಪ್ರೊಪೆಲರ್ ವಿಮಾನ ಎಟಿಆರ್ 72 ಅಷ್ಟು ಎತ್ತರಕ್ಕೆ ಏರುವುದಿಲ್ಲವಾದ್ದರಿಂದ ಏರಿಳಿತದ ನಷ್ಟವೂ ಅದಕ್ಕೆ ಕಡಿಮೆ. ಜೆಟ್‌ಗಿಂತ ಹೆಚ್ಚೆಂದರೆ ಇಪ್ಪತ್ತು ನಿಮಿಷ ತಡವಾದೀತು. ದೂರವನ್ನು 900ರಿಂದ ಭಾಗಿಸಿ "33 ನಿಮಿಷ" ಎಂದು ತೋರಿಸುವ ಕ್ಯಾಲ್ಕ್ಯುಲೇಟರ್ ನಂಬಿ ಯಾರೂ ಸಭೆಯ ಸಮಯ ಗೊತ್ತುಮಾಡಬಾರದು.

ಗಡಿಯಾರದ ಗೊಂದಲ

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಲಂಡನ್ ಬೆಳಗ್ಗೆ 11, ನ್ಯೂಯಾರ್ಕ್ ಮಧ್ಯಾಹ್ನ 2 ಎಂದಿದ್ದರೆ ಪಯಣ ಮೂರು ಗಂಟೆಯದಲ್ಲ, ಐದು ಗಂಟೆಯ ವ್ಯತ್ಯಾಸ ಕೂಡಿ ಎಂಟು ಗಂಟೆಯದು. ಎಡವುವುದು ಮಾರ್ಚ್‌ನಲ್ಲಿ. ಅಮೆರಿಕ ಗಡಿಯಾರ ಮುಂದಿಡುವುದು ಎರಡನೇ ಭಾನುವಾರ, ಯುರೋಪ್ ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ವ್ಯತ್ಯಾಸ ನಾಲ್ಕೇ ಗಂಟೆ. ಎರಡೂ ಸಮಯವನ್ನು ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯಕ್ಕೆ, ಬದಲಿಸಿ ಕಳೆಯುವುದೇ ಸುರಕ್ಷಿತ. ಭಾರತಕ್ಕೆ ಐದೂವರೆ ಗಂಟೆ, ನೇಪಾಳಕ್ಕೆ ಐದೂಮುಕ್ಕಾಲು ಗಂಟೆ ಎಂಬ ಅರ್ಧ, ಮುಕ್ಕಾಲುಗಳನ್ನು ಮರೆಯಬಾರದು.

ನಿಜವಾದ ಪಯಣಕ್ಕೆ ಯೋಜನೆ ಹಾಕುವವರು ಕ್ಯಾಲ್ಕ್ಯುಲೇಟರ್‌ನ ದೂರವನ್ನು ಕನಿಷ್ಠ ಮಿತಿಯಾಗಿ ಮಾತ್ರ ನೋಡಿದರೆ ಸಾಕು. ಅದಕ್ಕಿಂತ ಉಪಯುಕ್ತವಾದದ್ದು ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರಾಡಾರ್24, ಫ್ಲೈಟ್‌ಅವೇರ್ ಥರದ ತಾಣಗಳಲ್ಲಿ ಅದೇ ಸಂಖ್ಯೆಯ ವಿಮಾನ ಕಳೆದ ಒಂದು ವಾರ ಯಾವ ದಾರಿಯಲ್ಲಿ, ಎಷ್ಟು ಹೊತ್ತು ಹಾರಿತು ಎಂಬ ದಾಖಲೆ. ಬೇರೆ ಕಂಪನಿಯ ವಿಮಾನದ ದಾಖಲೆ ಅದೇ ನಗರಗಳದ್ದಾದರೂ ಕೆಲಸಕ್ಕೆ ಬಾರದು. ಕಾರಣ ಮೇಲೆಯೇ ಇದೆ. ಇಂಧನಕ್ಕಾಗಿ ನಡುವೆ ಇಳಿಯುವ ವಿಮಾನ ಟಿಕೆಟ್‌ನಲ್ಲಿ ಒಂದೇ ಸಂಖ್ಯೆಯಾಗಿ ಕಾಣುವುದರಿಂದ ನಿಲುಗಡೆಯ ಸಾಲನ್ನೂ ನೋಡಬೇಕು. ಮುಂದಿನ ವಿಮಾನ ಹಿಡಿಯುವವರು ತಲುಪುವ ಸಮಯವನ್ನು ಗೇಟಿನಿಂದಲ್ಲ, ಬಾಗಿಲು ತೆರೆಯುವುದರಿಂದ ಎಣಿಸಲಿ. ಯುರೋಪ್ ಒಕ್ಕೂಟದ ನ್ಯಾಯಾಲಯ 2014ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟದ್ದೂ ಹಾಗೆಯೇ: ಚಕ್ರ ನೆಲ ಮುಟ್ಟಿದ್ದಾಗಲಿ, ಗೇಟಿನಲ್ಲಿ ನಿಂತದ್ದಾಗಲಿ ತಲುಪಿದ ಸಮಯವಲ್ಲ, ಪ್ರಯಾಣಿಕರು ಇಳಿಯಬಹುದಾದಂತೆ ಒಂದಾದರೂ ಬಾಗಿಲು ತೆರೆದ ಕ್ಷಣವೇ ತಲುಪಿದ ಸಮಯ. ಅಲ್ಲಿ ಮೂರು ಗಂಟೆ ತಡವಾದರೆ ಪರಿಹಾರ ಕೇಳುವ ಹಕ್ಕು ಶುರುವಾಗುವುದರಿಂದ ಗೇಟಿನಲ್ಲಿ ನಿಂತ ಮೇಲಿನ ಆ ಐದು ನಿಮಿಷಕ್ಕೂ ಬೆಲೆಯಿದೆ.